ಗ್ರಾಹಕ ಸೇವೆಯ ಗಟ್ಟಿಮೇಳ

ತಪ್ಪು ನನ್ನದಲ್ಲ, ಝಿಂಪುವಿನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಅಕ್ಕ ಗುಬ್ಬಿ ಊರಿನ ತುಂಬ ಬೇರೆಯೇ ಕಥೆ ಹೇಳಿಕೊಂಡು ತಿರುಗುತ್ತಿದ್ದಾಳೆ.

ನನ್ನ ಫೋನಿನಲ್ಲಿ ಸ್ವರಪೆಟ್ಟಿಗೆ ಎಂಬ ಹಾಡಿನ ಆ್ಯಪ್ ಇತ್ತು. ಹನ್ನೊಂದು ವರ್ಷದಿಂದ ನಾನು ಅದರ ಗ್ರಾಹಕ. ಬಟವಾಡಿಯ ನಮ್ಮ ಮನೆಯ ವರಾಂಡದಲ್ಲಿ ಕೂತು, ನಾದಸ್ವರಗಳನ್ನು ಒಂದೊಂದಾಗಿ ಕೇಳಿ ಆರಿಸಿ, ಮದುವೆಗೆಂದೇ ಪಟ್ಟಿಗಳನ್ನು ಮಾಡಿಟ್ಟಿದ್ದೆ. ಗೌರಿಪೂಜೆಗೆ ಬೇರೆ, ಕಾಶಿಯಾತ್ರೆಗೆ ಬೇರೆ, ಧಾರೆಗೆ ಬೇರೆ. ಗಟ್ಟಿಮೇಳವಂತೂ ನಾಲ್ಕು ತರಹದ್ದು. "ಯಾರ ಮದುವೆಗೆ ಇದೆಲ್ಲ?" ಎಂದು ನನ್ನ ಹೆಂಡತಿ ಕಮಲ ಕೇಳುತ್ತಲೇ ಇದ್ದಳು.

ಅಕ್ಕ ಮಹಾಲಕ್ಷ್ಮಮ್ಮ ತನ್ನ ಮಗಳು ಅಪರ್ಣಳ ಮದುವೆ ಗೊತ್ತುಮಾಡಿದಾಗ ನಾನು ಎದೆ ತಟ್ಟಿಕೊಂಡು ಮುಂದೆ ಬಂದೆ.

"ಕುಣಿಗಲಿಂದ ವಾಲಗದವರನ್ನ ಕರ್ಸೋದು ಬೇಡ ಅಕ್ಕ. ತಾಳಿ ಕಟ್ಟೋ ಹೊತ್ತಿಗೆ ಅವರು ಕಾಫಿಗೆ ಹೋಗಿರ್ತಾರೆ. ವಾಲಗ ನನ್ನ ಜವಾಬ್ದಾರಿ."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಾಳೆ ಎಲೆ ತರಲು ಕಳಿಸಿದರೂ ನನ್ನ ಹಿಂದೆ ಇನ್ನೊಬ್ಬರನ್ನು ಅಟ್ಟುವವಳು ಅವಳು. "ಒಂದೇ ಒಂದು ಕೆಲ್ಸ ಕಣೋ ಪಟ್ಟಾಭಿ. ಇದನ್ನಾದ್ರೂ ನೆಟ್ಟಗೆ ಮಾಡ್ತೀಯಾ?" ಎಂದಳು. ಅಕ್ಕ ನನ್ನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ. ಎಷ್ಟು ಖುಷಿಯಾಯಿತೆಂದರೆ ಆ ದಿನವೆಲ್ಲ ಎರಡೆರಡು ಸಲ ಊಟ ಮಾಡಿದೆ.

ಮದುವೆಗೆ ಒಂದು ವಾರ ಇದ್ದಾಗ ಫೋನಿಗೆ ಸಂದೇಶ ಬಂತು: "ಸ್ವರಪೆಟ್ಟಿಗೆ ಇನ್ನು ಮುಂದೆ ಇರುವುದಿಲ್ಲ. ನಿಮಗಾಗಿ ಹೊಚ್ಚಹೊಸ ಝಿಂಪು! ನಿಮ್ಮ ಪಟ್ಟಿಗಳೆಲ್ಲ ಸುರಕ್ಷಿತ." ಹೊಚ್ಚಹೊಸದು ಬೇಕೆಂದು ನಾನು ಕೇಳಿದ್ದೆನೇ? ಸುರಕ್ಷಿತವಂತೆ, ಇವರ ತಲೆ! ಉಳಿದದ್ದು ಪಟ್ಟಿಗಳ ಹೆಸರು ಮಾತ್ರ. ಗೌರಿಪೂಜೆ ಒತ್ತಿದರೆ ಜಿಮ್ಮಿನಲ್ಲಿ ಹಾಕುವ ದಬದಬ ಸಂಗೀತ. ಕಾಶಿಯಾತ್ರೆ ಒತ್ತಿದರೆ ಕೂಸು ಮಲಗಿಸುವ ಗಂಟೆಯ ಸದ್ದು. ಗಟ್ಟಿಮೇಳ ಒತ್ತಿದರೆ ಸಮುದ್ರದ ಅಲೆ, ಅದೂ ಒಂದು ಗಂಟೆಯದ್ದು. "ನಿಮ್ಮ ಆಯ್ಕೆ ಸಿಗಲಿಲ್ಲ, ಅದರಂಥದ್ದೇ ಇದು" ಎಂದು ಕೆಳಗೆ ಬರೆದಿತ್ತು. ಗಟ್ಟಿಮೇಳದಂಥದ್ದು ಅಲೆಯಂತೆ! ಇವರೆಲ್ಲ ತಾಳಿ ಕಟ್ಟಿದ್ದು ಎಲ್ಲಿ ನಿಂತೋ!

"ಬೇರೆ ಕಡೆಯಿಂದ ಯಾವುದಾದ್ರೂ ನಾದಸ್ವರ ಹಾಕ್ಬಾರ್ದಾ? ಅದೇನು ಹಟ ನಿಮ್ದು" ಎಂದಳು ಕಮಲ.

"ಯಾವುದಾದ್ರೂ ಹಾಕೋಕೆ ನಾನೇ ಬೇಕೇನೇ?" ಎಂದು ರೇಗಿದೆ.

ಆರು ದಿನ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಕನ್ನಡಕ್ಕೆ ಎರಡು ಒತ್ತಿ ಎಂದರು, ಒತ್ತಿದೆ. ದೂರಿಗೆ ನಾಲ್ಕು ಒತ್ತಿ ಎಂದರು, ಒತ್ತಿದೆ. ಆಮೇಲೆ ಅವರೇ ಲೈನ್ ಕತ್ತರಿಸಿದರು. ಅಕ್ಕನ ಮುಂದೆ ಮಾತ್ರ ನಾನು ಉಸಿರೆತ್ತಲಿಲ್ಲ.

ಮದುವೆಯ ದಿನ ಗುಬ್ಬಿಯ ಛತ್ರದಲ್ಲಿ ಫೋನನ್ನು ದೊಡ್ಡ ಸ್ಪೀಕರಿಗೆ ಜೋಡಿಸಿದೆ. ಗೌರಿಪೂಜೆಗೂ ಕಾಶಿಯಾತ್ರೆಗೂ "ಸ್ಪೀಕರ್ ಬಿಸಿಯಾಗಿದೆ" ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಕೊನೆಯ ಸಲ ಗ್ರಾಹಕ ಸೇವೆಗೆ ಕರೆ ಮಾಡಿದೆ. "ನೀವು ಸರದಿಯಲ್ಲಿ ಹದಿನಾಲ್ಕನೆಯವರು" ಎಂದು ಸ್ಪೀಕರೇ ಮಾತಾಡಿತು. ಬೆಚ್ಚಿಬಿದ್ದು ಅದರ ಸದ್ದಿನ ತಿರುಪನ್ನು ಪೂರ್ತಿ ಸಣ್ಣ ಮಾಡಿ, ಸ್ಪೀಕರಿಗೇ ಕಿವಿಯಾನಿಸಿ ಕೂತೆ. ನೋಡಿದವರು ನನಗೆ ಸಂಗೀತದ ಹುಚ್ಚು ಎಂದುಕೊಂಡಿರಬೇಕು.

ಅಂತರಪಟ ಸರಿಯಿತು. ಜೀರಿಗೆ ಬೆಲ್ಲ ಆಯಿತು. ಮದುಮಗ ಎದ್ದು ನಿಂತ. ಆಗ ಬಂತು ಆ ಕಡೆಯಿಂದ ಮನುಷ್ಯನ ದನಿ.

"ನಮಸ್ಕಾರ, ಝಿಂಪು ಗ್ರಾಹಕ ಸೇವೆಗೆ ಸ್ವಾಗತ. ನಾನು ಅಂಜನ್‌ಕುಮಾರ್. ತಮಗೆ ಹೇಗೆ ಸಹಾಯ ಮಾಡಲಿ?"

"ನನ್ನ ಗಟ್ಟಿಮೇಳ ವಾಪಸ್ ಕೊಡಯ್ಯಾ!"

"ತಮ್ಮ ನೋಂದಾಯಿತ ಮೊಬೈಲ್ ಸಂಖ್ಯೆ ತಿಳಿಸಿ."

ಅಷ್ಟರಲ್ಲಿ ಪುರೋಹಿತ ವಾದಿರಾಜಾಚಾರ್ಯರು ಬೆರಳು ಆಡಿಸುತ್ತ ನನ್ನ ಕಡೆ ತಿರುಗಿ ಕೂಗಿದರು. "ಗಟ್ಟಿಮೇಳ! ಗಟ್ಟಿಮೇಳ!" ತಾಳಿ ಮದುಮಗನ ಕೈಯಲ್ಲಿ. ಮಂಟಪದ ಪಕ್ಕದಲ್ಲೇ ಗಂಡಿನ ಕಡೆಯ ದೊಡ್ಡಪ್ಪ ಹೋಮದ ಹೊಗೆಗೆ ಮೂಗು ಅರಳಿಸಿ ಸೀನಲು ಸಿದ್ಧರಾಗಿದ್ದರು. ತಾಳಿ ಕಟ್ಟುವಾಗ ಸೀನು ಕೇಳಿಸಿದರೆ ಮುಗಿಯಿತು, ಅಕ್ಕ ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ.

ಆ ಕಡೆ ದನಿ ಬದಲಾಯಿತು. "ಸಾ, ಅಲ್ಲಿ ತಾಳಿ ಕಟ್ತಾವ್ರಾ?"

"ಹೂಂ ಕಣಪ್ಪ! ವಾಲಗ ಇಲ್ಲ! ನನ್ನ ಮಾನ ಹೋಯ್ತು!"

"ಅಯ್ಯೋ ಶಿವ್ನೇ! ನಿಮ್ ಲಿಸ್ಟ್ ಹುಡುಕಕ್ಕೆ ಮೂರ್ ನಿಮಿಷ ಬೇಕು ಸಾ. ನಮ್ದು ಗುಬ್ಬಿ ತಾವ ಚೇಳೂರು, ವಾಲಗ ಇಲ್ದೆ ತಾಳಿ ಕಟ್ಟುಸ್ಬಾರ್ದು. ಸೌಂಡ್ ಫುಲ್ ಮಾಡಿ!"

ತಿರುಪನ್ನು ಕೊನೆಯವರೆಗೂ ತಿರುಗಿಸಿದೆ.

"ಡುಂಡುಂ ಡಕಡಕ ಡುಂಡುಂ! ಪೇಂ ಪೆಪ್ಪೆಪ್ಪೇಂ!"

ಬಾಯಿಯಲ್ಲೇ! ಡೋಲೂ ಅವನೇ, ನಾದಸ್ವರವೂ ಅವನೇ. "ಏಯ್, ಎಲ್ಲ ಬಡೀರ್ಲಾ!" ಎಂದು ನಡುವೆ ಒಮ್ಮೆ ಕೂಗಿದ. ತಕ್ಷಣ ಅವನ ಆಫೀಸಿನವರೆಲ್ಲ ಮೇಜು ಗುದ್ದತೊಡಗಿದರು. ಛತ್ರದ ಕಿಟಕಿಗಳು ಗಡಗಡ ಎಂದವು. ದೊಡ್ಡಪ್ಪ ಸೀನಿದರು, ಪೇಟ ಜಾರಿತು, ಸದ್ದು ಯಾರಿಗೂ ಕೇಳಲಿಲ್ಲ. ಮದುಮಗ ಮೂರು ಗಂಟು ಹಾಕಿದ. ಅಪರ್ಣ ನಗು ತಡೆಯಲಾರದೆ ತಲೆ ತಗ್ಗಿಸಿದ್ದಳು. ಪಾಪ, ನಾಚಿಕೆ ಎಂದುಕೊಂಡು ಹೆಂಗಸರು ಅಕ್ಷತೆ ಎರಚಿದರು.

"ಆಯ್ತಾ ಸಾ? ಕಟ್ಟುದ್ರಾ?" ಎಂದು ಅವನು ಏದುಸಿರು ಬಿಡುತ್ತ ಕೇಳಿದ.

"ಆಯ್ತು!" ಎಂದು ಇಡೀ ಛತ್ರ ಕೂಗಿತು. ನನಗೆ ಅಳು ಬಂದುಬಿಟ್ಟಿತು.

ಅಂಜನ್‌ಕುಮಾರ್ ಗಂಟಲು ಸರಿಮಾಡಿಕೊಂಡು ಮತ್ತೆ ಕಂಪನಿಯ ಕನ್ನಡಕ್ಕೆ ಮರಳಿದ. "ಸರ್, ತಮ್ಮ ದೂರು ಏನೆಂದು ದಾಖಲಿಸಲಿ?"

"ದೂರು ಏನೂ ಇಲ್ಲಪ್ಪ. ನೀನು ನೂರು ವರ್ಷ ಚೆನ್ನಾಗಿರು."

ಹಿಂದಿನಿಂದ ಒಂದು ಕೈ ಬಂದು ಫೋನ್ ಕಿತ್ತುಕೊಂಡಿತು. ಅಕ್ಕ! ಅವಳ ಹಿಂದೆಯೇ ಕಮಲ; ಝಿಂಪುವಿನ ಕಥೆಯನ್ನೆಲ್ಲ ಅಕ್ಕನ ಕಿವಿಗೆ ಊದಿದ್ದು ಯಾರೆಂದು ಗೊತ್ತಾಯಿತು. ಸ್ಪೀಕರ್ ಇನ್ನೂ ಜೋರಾಗಿಯೇ ಇತ್ತು, ತಗ್ಗಿಸಲು ನನಗೆ ಧೈರ್ಯ ಬರಲಿಲ್ಲ.

"ಅವನಿಗಿಲ್ಲ, ನನಗಿದೆ. ಬರ್ಕೋ ಮಗು. ಪಟ್ಟಾಭಿರಾಮ ಅಂತ, ನನ್ನ ತಮ್ಮ. ತುಂಬಾ ಹಳೇದು. ಬರೀ ಸದ್ದು. ಹೇಳಿದ ಕೆಲ್ಸ ಒಂದೂ ಮಾಡಲ್ಲ."

ಆ ಕಡೆ ಟಕಟಕ ಟೈಪಾಗುವುದು ಛತ್ರಕ್ಕೆಲ್ಲ ಕೇಳಿಸಿತು. "ದಾಖಲಾಯ್ತಮ್ಮ. ಇದರ ಬದಲಿಗೆ ಹೊಸದು ಬೇಕಾ?"

ಅಕ್ಕ ನನ್ನತ್ತ ತಿರುಗಿದಳು. ಬೆವರಿನಲ್ಲಿ ತೊಯ್ದಿದ್ದ ನನ್ನ ಮುಖವನ್ನು ತನ್ನ ಹೊಸ ರೇಷ್ಮೆಸೀರೆಯ ಸೆರಗಿನಿಂದಲೇ ಒರೆಸಿದಳು.

"ಬೇಡಪ್ಪ" ಎಂದಳು ಫೋನಿಗೆ. "ಹಳೇದು ಕಿತ್ತು ಹೊಸದು ಕೊಟ್ಟು ನೀವು ಮಾಡಿರೋದು ನೋಡಿದೀನಲ್ಲ. ನನಗೆ ಇದೇ ಇರ್ಲಿ."