ಅನುಮಾನಪ್ಪನ ಜಾಗ

ಸೋದರಮಾವನ ಎದೆಯ ಮೇಲಿನ ಹಾರ ಸರಿಪಡಿಸುತ್ತಿದ್ದಾಗ ಅವಳ ಫೋನ್ ನಡುಗಿತು. ತಣ್ಣಗಿನ ಮೈಯಿಂದ ಕೈ ತೆಗೆದು ಅಂಗಳದ ಮೂಲೆಗೆ ಸರಿದಳು. ಹಾಲಿನ ಕಾರ್ಖಾನೆಯ ಫಿಟ್ಟರ್.

"ಅಕ್ಕ, ಪೊರೆ ಪರೀಕ್ಷೆ ಮಾಡ್ದೆ. ಒಂದು ಗುಳ್ಳೆ ಬಂತು. ಟ್ಯಾಂಕರ್ ಗೇಟಲ್ಲೇ ನಿಂತಿದೆ. ಬಿಡ್ಲಾ?"

ಕುದಿಸದೆ, ಸಣ್ಣ ರಂಧ್ರಗಳ ಪೊರೆಯಲ್ಲಿ ಸೋಸಿಯೇ ಶುದ್ಧಮಾಡಿ ಹಸುಗೂಸುಗಳಿಗೆ ಕಳಿಸುವ ಹಾಲು ಅದು. ಹಾಲು ದಾಟುತ್ತದೆ, ರೋಗಾಣು ಹಿಂದೆ ಉಳಿಯುತ್ತದೆ. ಆಮೇಲೆ ಪೊರೆ ನೆನೆಸಿ ಗಾಳಿ ಒತ್ತಿದಾಗ ಗುಳ್ಳೆ ಎದ್ದರೆ ಎಲ್ಲೋ ಹರಿದಿದೆ ಎಂದರ್ಥ. ಕಾರ್ಖಾನೆಯಲ್ಲಿ ಬಿಡು, ಬೇಡ ಎಂದು ಹೇಳುತ್ತಿದ್ದವರು ಮಾವ. ಒಂಬತ್ತು ವರ್ಷ ಅವಳು ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದಳು, ಅಷ್ಟೆ.

"ಇನ್ನೊಂದ್ಸಲ ನೋಡು," ಎಂದಳು.

ಒಳಗೆ ಪಕ್ಕದ ಮನೆಯವರು ಮೆಲ್ಲಗೆ ನಗುತ್ತಿದ್ದರು. "ಅನುಮಾನಪ್ಪ ಅಂತ ಸುಮ್ನೆ ಕರೀತಿದ್ವಾ? ಬೀಗ ಹಾಕಿ ಮೂರು ಸಲ ಎಳೆದು ನೋಡೋ ಮಹಾರಾಯ!"

"ಹೆಣ್ಣು ನೋಡೋಕೆ ಬಂದಾಗ ನನ್ನ ಹೆಸರು ಎರಡೆರಡು ಸಲ ಕೇಳಿದ್ರು," ಎಂದು ಅತ್ತೆ ಅಳುತ್ತಲೇ ನಕ್ಕರು.

ಅಂತ್ಯಕ್ರಿಯೆಗೆ ಬಂದಿದ್ದ ಕಾರ್ಖಾನೆಯ ಮ್ಯಾನೇಜರ್ ಹತ್ತಿರ ಬಂದರು. ಅವರಿಗೂ ಸುದ್ದಿ ಮುಟ್ಟಿತ್ತು. "ಒಂದು ಗುಳ್ಳೆಗೆ ಹತ್ತು ಸಾವಿರ ಲೀಟರ್ ಚೆಲ್ಲೋದಾ? ಜಾಯಿಂಟ್ ಸಡಿಲ ಇರುತ್ತೆ. ಕುದಿಸೋಕೆ ನಮ್ಮಲ್ಲಿ ಯಂತ್ರ ಇಲ್ಲ, ಹೊಸ ಪೊರೆ ಬರೋಷ್ಟರಲ್ಲಿ ಹಾಲು ಕೆಟ್ಟೇ ಹೋಗುತ್ತೆ. ನಿಮ್ಮ ಮಾವನ ಥರ ಆಡ್ಬೇಡಮ್ಮ."

ಫೋನಿನಲ್ಲಿ ಫಿಟ್ಟರ್ ಹಗುರಾಗಿ ಉಸಿರುಬಿಟ್ಟ. "ಈ ಸಲ ಏನೂ ಬರ್ಲಿಲ್ಲಕ್ಕ."

ಅವಳು ಮಾವ ಮಲಗಿದ್ದ ಕಡೆ ತಿರುಗಿದಳು.

*

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಇದ್ದಕ್ಕಿದ್ದಂತೆ ಹೇಳಿದ್ದರು. "ನಾನೂ ಒಂದ್ಸಲ ಬಿಟ್ಟಿದ್ದೆ ಕಣೇ. ಎರಡನೇ ಸಲ ನೋಡಿದಾಗ ಗುಳ್ಳೆ ಇರ್ಲಿಲ್ಲ. ಆ ವಾರಾನೇ ನಿನಗೆ ಜ್ವರ ಬಂತು. ಆರು ತಿಂಗಳ ಕೂಸು ನೀನು. ಹನ್ನೊಂದು ದಿನ ಕಣ್ಣು ಬಿಡ್ಲಿಲ್ಲ."

"ಆ ಹಾಲಿಂದಾನೇ ಬಂತಾ ಮಾವ?"

"ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ."

ಬಿಚ್ಚಿದ ಬುತ್ತಿಯನ್ನು ಅವರು ಹಾಗೇ ಮುಚ್ಚಿಟ್ಟರು.

*

"ಚೆಲ್ಲು," ಎಂದಳು.

"ಅಕ್ಕ, ಪೂರ್ತಿನಾ?"

"ಪೂರ್ತಿ. ನಾನೇ ಹೇಳ್ದೆ ಅಂತ ಬರ್ಕೋ."

"ನಾಳೆ ಆಫೀಸಿಗೆ ಬಾ, ಮಾತಾಡೋಣ," ಎಂದು ಮ್ಯಾನೇಜರ್ ಮುಖ ತಿರುಗಿಸಿದರು. ಕೆಲಸ ಹೋದರೂ ಹೋಗಬಹುದು. ಉಳಿದರೆ ಇನ್ನೂ ಹೆದರಿಕೆ, ನಾಳೆಯೂ ಇದನ್ನೇ ಕೇಳುತ್ತಾರೆ. ಚೆಲ್ಲಿದ್ದು ಒಳ್ಳೆಯ ಹಾಲೇ ಇರಬಹುದು. ಅದು ಎಂದಿಗೂ ಗೊತ್ತಾಗುವುದಿಲ್ಲ.

ಫೋನಿನಲ್ಲಿ ಕವಾಟ ಕಿರುಗುಟ್ಟಿತು. ಹಾಲು ಮೋರಿಗೆ ಧುಮುಕಿತು.

"ಬಾರೇ, ಹೊರಟ್ವಿ," ಎಂದು ಅತ್ತೆ ಕರೆದರು.

ಹಾಲು ಬೀಳುವ ಸದ್ದು ಪೂರ್ತಿ ನಿಲ್ಲುವವರೆಗೂ ಕೇಳಬೇಕೆಂದು ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ, ಇನ್ನೊಂದು ಕೈ ಎತ್ತಿ ತಡೆದಳು. ಮಾವನನ್ನು ಹೆಗಲ ಮೇಲೆ ಹೊತ್ತವರು ಏನೆಂದು ತಿಳಿಯದೆ, ಎತ್ತಿದ ಹೆಜ್ಜೆಯನ್ನು ಅಲ್ಲೇ ಊರಿ ಕಾದು ನಿಂತರು.