ಕೊಕ್ಕು ಮುರಿದ ಗಿಳಿ

ಹಳೇಪೇಟೆಯ ಓಣಿಯಲ್ಲಿ ಟೈಲರಮ್ಮನ ಅಂಗಡಿಯೆಂದರೆ ಅವಳ ಮನೆಯ ಮುಂದಿನ ಕೋಣೆಯೇ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಕಿಟಕಿಯ ಪಕ್ಕ ಕಾಜ ಹೊಲಿಯುತ್ತ ಕೂರುವ ಅತ್ತೆ. ಬೀದಿ ಬಾಗಿಲು ಮಾತ್ರ ಅರಮನೆಗೆ ಸಲ್ಲುವಂಥದ್ದು. ಎರಡು ಕದ, ಒಂದೊಂದರ ಮೇಲೂ ಒಂದು ಕೆತ್ತನೆಯ ಗಿಳಿ. ಎಡಗಡೆಯದರ ಕೊಕ್ಕು ಮುರಿದಿತ್ತು.

ಪ್ರಾಂತ್ಯದ ಪರಂಪರೆ ಪ್ರವಾಸ ಮಂಡಳಿಯವರು ತಮ್ಮ ಲಾಂಛನಕ್ಕೆ ಆರಿಸಿಕೊಂಡದ್ದು ಈ ಗಿಳಿಗಳನ್ನೇ. ಮನೆಯವರನ್ನು ಒಂದು ಮಾತು ಕೇಳಲಿಲ್ಲ. ಬಸ್ಸಿನ ಮೇಲೆ, ನಕ್ಷೆಯ ಮೇಲೆ, ನೀರಿನ ಬಾಟಲಿಯ ಮೇಲೆ, ಎಲ್ಲೆಲ್ಲೂ ಗಿಳಿಯೋ ಗಿಳಿ. ಟೈಲರಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಮಿಕ್ಕ ಬಟ್ಟೆಯಲ್ಲಿ ಚೀಲ ಹೊಲಿದು, ಕೆಂಪು ದಾರದಲ್ಲಿ ಗಿಳಿಗಳ ಕಸೂತಿ ಹಾಕಿ ಹೊರಗೆ ನೇತುಹಾಕಿದಳು. ನೋಡಬಂದವರು ಖುಷಿಯಿಂದ ಕೊಂಡರು.

ಒಂದು ಬೆಳಿಗ್ಗೆ ಮಂಡಳಿಯ ಅಧಿಕಾರಿ ಬಂದ. ಕೊರಳಲ್ಲಿ ಗುರುತಿನ ಚೀಟಿ, ಬಾಯಲ್ಲಿ ಬೆಣ್ಣೆಯಂಥ ಮಾತು.

"ಮೇಡಂ, ಲಾಂಛನ ಬಳಸೋಕೆ ನಿಯಮ ಇದೆ. ನೀಲಿ ಬಣ್ಣದಲ್ಲೇ ಇರಬೇಕು. ಓರೆ ಮಾಡಬಾರದು, ಬಟ್ಟೆ ಮೇಲೆ ಹಾಕಬಾರದು. ಸದಸ್ಯರಲ್ಲದವರಂತೂ ಮುಟ್ಟೋ ಹಾಗೇ ಇಲ್ಲ."

"ಇದು ಲಾಂಛನ ಅಲ್ಲ ಸಾರ್, ನಮ್ಮನೆ ಬಾಗಿಲು."

"ಚಿತ್ರ ನಮ್ಮ ಕಲಾವಿದರ ಸ್ವಂತ ಕಲ್ಪನೆ ಮೇಡಂ. ಹಕ್ಕು ಮಂಡಳೀದು."

ಅತ್ತೆ ಸೂಜಿಯಿಂದ ತಲೆಯೆತ್ತಿದಳು. "ಆ ಕೊಕ್ಕು ಮುರಿದವನು ನನ್ನ ಮಗ. ಚಿಕ್ಕವನಿದ್ದಾಗ ಚೆಂಡು ಹೊಡೆದು ಮುರಿದ, ನನ್ನ ಕೈಲಿ ಏಟು ತಿಂದ. ನಿಮ್ಮ ಬಸ್ಸಿನ ಮೇಲಿರೋ ಗಿಳಿಗೂ ಕೊಕ್ಕಿಲ್ಲವಲ್ಲ, ನಿಮ್ಮ ಕಲಾವಿದರ ಮಗನೂ ಚೆಂಡಾಡ್ತಿದ್ನೇನಪ್ಪ?"

ಅಧಿಕಾರಿಯ ಮುಖ ಕೆಂಪಾಯಿತು. ಚೀಲ ಇಳಿಸದಿದ್ದರೆ ಕೋರ್ಟಿಗೆ ಹೋಗುತ್ತೇವೆಂದು ಬಲಗಡೆಯ ಗಿಳಿಯ ಎದೆಗೇ ನೋಟಿಸು ಅಂಟಿಸಿ ಹೋದ.

ಸಂಜೆ ಗಂಡ ನೋಟಿಸು ಓದಿ ಬೆವತ. "ಇಳಿಸಿಬಿಡೇ. ಬಂಡೆಗೆ ತಲೆ ಚಚ್ಚಿಕೊಂಡ್ರೆ ಒಡೆಯೋದು ತಲೇನೇ."

"ಅವರ ಗಿಳಿ ಬೇಕಾದ್ರೆ ಅವರ ಬಸ್ಸಿನ ಮೇಲಿರಲಿ. ನಮ್ಮದನ್ನ ಯಾರು ನೋಡಬೇಕು ಅಂತ ನಾನು ಹೇಳ್ತೀನಿ."

ಮರುದಿನ ಅವಳು, ಧೂಳಿಗೆಂದು ಯಾವಾಗಲೂ ಮುಚ್ಚಿಡುತ್ತಿದ್ದ ಎರಡೂ ಕದಗಳನ್ನು ಪೂರ್ತಿ ಒಳಕ್ಕೆ ತೆರೆದು ಗೋಡೆಗೆ ಒರಗಿಸಿದಳು. ಬೀದಿಯಿಂದ ನೋಡಿದರೆ ಬರೀ ಚೌಕಟ್ಟು. ಗಿಳಿಗಳ ಮುಖವೆಲ್ಲ ಕೋಣೆಯ ಒಳಗೆ. ಚೀಲಗಳೂ ಒಳಗೆ, ಅವುಗಳ ಪಕ್ಕದಲ್ಲೇ. ದಿನವಿಡೀ ಬೀದಿಯ ಧೂಳು ನುಗ್ಗಿತು. ಬಿಳಿ ಬಟ್ಟೆ ಎರಡೆರಡು ಸಲ ಕೊಡವಬೇಕಾಯಿತು, ಅತ್ತೆಗೆ ಕೆಮ್ಮು ಹತ್ತಿತು. "ಮುಚ್ಚಿಬಿಡ್ಲಾ ಅತ್ತೆ?" ಎಂದರೆ ಮುದುಕಿ ಮೂಗಿಗೆ ಸೆರಗು ಕಟ್ಟಿಕೊಂಡು, "ನಾನಿನ್ನೂ ಸತ್ತಿಲ್ಲ, ಸುಮ್ನೆ ಹೊಲಿ" ಎಂದಳು.

ಪ್ರವಾಸಿಗರು ಬೀದಿಯಲ್ಲೇ ನಿಂತು ಖಾಲಿ ಚೌಕಟ್ಟು ನೋಡಿ ಪೆಚ್ಚಾಗಿ ಹೋದರು. ಮಂಡಳಿಗೆ ದೂರುಗಳು ಹೋದವು. ಕೊನೆಗೆ ಅಧ್ಯಕ್ಷೆಯೇ ಅತಿಥಿಗಳನ್ನು ಕರೆದುಕೊಂಡು ಓಣಿಗೆ ಬಂದರು. ಅಧಿಕಾರಿ ಮುಂದೆ ಓಡಿಬಂದ.

"ಅಮ್ಮಾ, ಐದು ನಿಮಿಷ ಬಾಗಿಲು ಮುಚ್ಚಿ. ಫೋಟೋ ತೆಗೀಬೇಕು."

"ಅಂಗಡಿ ಟೈಮು ಸಾರ್."

"ನನ್ನ ಮಾನ ಉಳಿಸಿ."

"ನಮ್ಮಲ್ಲೂ ನಿಯಮ ಇದೆ. ಮನೆಯವರನ್ನ ಕೇಳದೆ ಗಿಳಿ ತೋರಿಸಬಾರದು. ಕೆಂಪು ಗಿಳೀನ ಕಳ್ಳಗಿಳಿ ಅನ್ನಬಾರದು. ಇದನ್ನ ಹೇಳೋಕೆ ನೋಟಿಸು ಬೇಡ, ನಾನೇ ಸಾಕು."

ಅಧ್ಯಕ್ಷೆ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರು. ಹೊಸ್ತಿಲ ಹೊರಗೆ ನಿಂತು, "ನಾವು ಒಳಗೆ ಬರಬಹುದಾ?" ಎಂದರು.

"ಕೇಳಿದ್ರಲ್ಲ, ಬನ್ನಿ."

ಅವರು ಕೊಕ್ಕು ಮುರಿದ ಜಾಗವನ್ನು ಬೆರಳಿನಿಂದ ಸವರಿದರು. ಹೋಗುವಾಗ, "ನಿಮಗೆ ಲಾಂಛನ ಬಳಸೋ ವಿಶೇಷ ಅನುಮತಿ ಕೊಡಿಸ್ತೀನಿ" ಎಂದರು.

ಟೈಲರಮ್ಮ ಕತ್ತರಿ ಕೆಳಗಿಟ್ಟಳು. "ನಮ್ಮದನ್ನ ನಮಗೇ ಕೊಡೋಕೆ ಬರಬೇಡಿ. ನೀವು ಬಳಸ್ತಿದ್ದೀರಲ್ಲ, ಅದಕ್ಕೆ ನಮ್ಮ ಅನುಮತಿ ಕೇಳಿ. ಯೋಚನೆ ಮಾಡ್ತೀವಿ."

ಅಧ್ಯಕ್ಷೆ ಅತಿಥಿಗಳನ್ನು ಕರೆದುಕೊಂಡು ಹೊರಟರು. ಮಂಡಳಿಯವರು ನೋಟಿಸನ್ನು ವಾಪಸೂ ಪಡೆಯಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಅಧ್ಯಕ್ಷೆ ಬಂದುಹೋದ ಮರುದಿನವೇ ಗಂಡ ಕೆಲಸಕ್ಕೆ ಹೊರಡುವ ಮುನ್ನ ಸ್ಟೂಲು ಹತ್ತಿ, ಹೆಂಡತಿ ಹೇಳದೆಯೇ, ಕೆಂಪು ಗಿಳಿಯ ಚೀಲಗಳನ್ನೆಲ್ಲ ಬೀದಿಗೆ ಕಾಣುವಂತೆ ನೇತುಹಾಕಿದ.