ಕೊನೆ ಹೇಳಿದ ಸಿನಿಮಾ

ಸಿನಿಮಾ ಚೆನ್ನಾಗಿಲ್ಲ ಎಂದದ್ದಕ್ಕೆ ಕಾಲರ್ ಅಕ್ಕನನ್ನು ಕೆಲಸದಿಂದ ತೆಗೆದರು.

ಅದಾಗಿ ವರ್ಷ ತುಂಬುವ ಮೊದಲೇ ಅವಳು ಸತ್ತಳು. ಈಗ ಅವಳ ಮನೆಯ ಮುಂದಿನ ಕೋಣೆಯಿಂದ ಹೊಲಿಗೆ ಮಷೀನನ್ನು ಎತ್ತಿ ಹೊರಗೆ ಸಾಗಿಸುತ್ತಿದ್ದರು. ಹೆಣ ಮಲಗಿಸಲು ಜಾಗ ಬೇಕಿತ್ತು. ಒಂದು ಕಡೆ ಹಿಡಿದವಳು ಅವಳ ಗೆಳತಿ ಕಾಜಾದವಳು, ಇನ್ನೊಂದು ಕಡೆ ತಮ್ಮನ ಹೆಂಡತಿ. ಸೂಜಿಯ ಕೆಳಗೆ ಯಾರದೋ ಮಗುವಿನ ಅಂಗಿ ಸಿಕ್ಕಿಕೊಂಡೇ ಇತ್ತು. ಕಾಲರಿನ ಅರ್ಧ ಕೂತಿತ್ತು, ಇನ್ನರ್ಧ ನಾಲಗೆಯ ಹಾಗೆ ಜೋತುಬಿದ್ದಿತ್ತು.

“ದಾರ ಕತ್ತರಿಸ್ಲಾ?” ಎಂದಳು ತಮ್ಮನ ಹೆಂಡತಿ.

“ಬೇಡ. ಹಾಗೇ ಇರಲಿ, ನಾನು ಮುಗಿಸ್ತೀನಿ.”

ಅಂಗಿಯ ಕಾರ್ಖಾನೆಯಲ್ಲಿ ಅಂಗಿಯ ಯಾವ ಭಾಗ ಯಾರ ಕೈಗೆ ಬೀಳುತ್ತದೋ ಅದೇ ಅವರ ಗುರುತು. ಕಾಲರ್ ಕೂರಿಸುವವಳು ಕಾಲರ್ ಅಕ್ಕ. ಗುಂಡಿಯ ತೂತಿಗೆ ಅಂಚು ಕಟ್ಟುವವಳು ಕಾಜಾದವಳು. ಗುಂಡಿ ಹಚ್ಚುತ್ತಿದ್ದ ಹುಡುಗಿ ಗುಂಡಿ ಹುಡುಗಿ. ಅವಳು ಈಗ ಇಲ್ಲ. ಅಕ್ಕನ ತಮ್ಮನೂ ಅಲ್ಲೇ ಸೂಪರ್‌ವೈಸರ್. ಬೆಳಗಿನಿಂದ ಅವನು ಬೀದಿಯ ಆಚೆ ಬದಿಯ ಗೋಡೆಗೆ ಒರಗಿ ಕೂತಿದ್ದ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅಕ್ಕನ ಮುಖ ನೋಡಲು ಇನ್ನೂ ಒಳಗೆ ಬಂದಿರಲಿಲ್ಲ. ಅಕ್ಕ ತಮ್ಮ ಮಾತು ಬಿಟ್ಟಿದ್ದು ಎಲ್ಲರಿಗೂ ಗೊತ್ತಿತ್ತು, ಯಾಕೆಂದೂ ಗೊತ್ತಿತ್ತು. ಹಾಗಾಗಿ ಯಾರೂ ಅವನನ್ನು ಕರೆಯಲಿಲ್ಲ.

ಅರ್ಧ ದಿನ ರಜೆ ಹಾಕಿ ಬಂದ ಕೆಲಸದವರು ಬಾಗಿಲಿನಿಂದ ಬೀದಿಯವರೆಗೆ ನಿಂತಿದ್ದರು. ಇನ್ನು ಮೇಲೆ ಯಾವ ಸಿನಿಮಾಕ್ಕೆ ಹೋಗೋದು ಅಂತ ಯಾರನ್ನ ಕೇಳೋದು ಎಂದು ತೋಳು ಹೊಲಿಯುವವಳು ಕಣ್ಣೊರೆಸಿಕೊಂಡಳು. ಫೋನಿನಲ್ಲಿ ಪ್ರತಿ ಸಿನಿಮಾಕ್ಕೂ ನಕ್ಷತ್ರ ಕೊಟ್ಟಿರ್ತಾರೆ, ನೋಡ್ಕೊ ಎಂದ ಇಸ್ತ್ರಿಯವನು.

“ಆ ನಕ್ಷತ್ರಕ್ಕೆ ನಮ್ಮತ್ತೆ ಗೊತ್ತೇನೋ?” ಎಂದಳು ಅವಳು. “ಅಕ್ಕಂಗೆ ಗೊತ್ತಿತ್ತು. ‘ಈ ಸಿನಿಮಾಕ್ಕೆ ನೀನು ಮಾತ್ರ ಹೋಗ್ಬೇಡ, ನೋಡ್ಕೊಂಡು ಹೋಗಿ ಮನೇಲಿ ಪಾತ್ರೆ ಎಸೀತೀಯ’ ಅಂದಿದ್ಲು. ನಾನು ಕೇಳ್ದೆ ಹೋದೆ.”

“ಎಸೆದ್ಯಾ?”

“ಎರಡು ಲೋಟ.”

ಹೆಣದ ಮನೆ ಎಂಬುದನ್ನು ಮರೆತು ನಾಲ್ಕಾರು ಜನ ನಕ್ಕರು. ಒಳಗಿದ್ದ ಕಾಜಾದವಳಿಗೆ ಆ ನಗು ಕೇಳಿಸಿತು. ಅಕ್ಕ ಇದ್ದಿದ್ದರೆ ಅಲ್ಲಿಂದಲೇ ಕತೆ ಎತ್ತಿಕೊಳ್ಳುತ್ತಿದ್ದಳು.

*

ಸೋಮವಾರದ ಊಟದ ಬಿಡುವು ಅಕ್ಕನದು. ಭಾನುವಾರ ಒಬ್ಬಳೇ ಟಾಕೀಸಿಗೆ ಹೋಗುವಳು. ಸೋಮವಾರ ಡಬ್ಬಿ ಬಿಚ್ಚುತ್ತಲೇ ಶುರು. ಹೀರೊ ಬಡವನೆಂದರೆ ಅವಳು ನಂಬುವವಳಲ್ಲ.

“ಬಡವನಂತೆ. ಮಳೇಲಿ ನೆಂದ, ಹೊಡೆದಾಡಿದ, ಕೆಸರಲ್ಲಿ ಉರುಳಿ ಎದ್ದ. ಕಾಲರ್ ಮಾತ್ರ ಅಲ್ಲಾಡಿಲ್ಲ ಕಣ್ರೇ. ಇನ್ನು ನಮ್ಮ ಸೂಪರ್‌ವೈಸರ್ ಅಂಥದ್ದೇ ಬೇಕು ಅಂತಾನೆ, ನೋಡ್ತಿರಿ.”

ದೂರದಲ್ಲಿ ಊಟ ಮಾಡುತ್ತಿದ್ದ ತಮ್ಮನೂ ಆಗ ನಗುತ್ತಿದ್ದ.

ಅವಳಿಗೊಂದು ಕಟ್ಟಳೆಯಿತ್ತು. ಸಿನಿಮಾ ಚೆನ್ನಾಗಿದ್ದರೆ ಕೊನೆ ಹೇಳುತ್ತಿರಲಿಲ್ಲ. ಕತೆ ಏರಿ ಏರಿ, ಇನ್ನೇನು ಎನ್ನುವಷ್ಟರಲ್ಲಿ ಡಬ್ಬಿಗೆ ಮುಚ್ಚಳ ಹಾಕಿ “ಹೋಗಿ ನೋಡ್ಕೊಳ್ಳಿ” ಎಂದು ಎದ್ದುಬಿಡುವಳು. ಚೆನ್ನಾಗಿಲ್ಲದಿದ್ದರೆ ಪಾತ್ರೆಯ ತಳ ಬಳಿದ ಹಾಗೆ ಪೂರ್ತಿ ಹೇಳಿ ಮುಗಿಸುವಳು. ಅಂಥ ಸಿನಿಮಾಕ್ಕೆ ಇನ್ನೊಬ್ಬಳ ಭಾನುವಾರ ಹಾಳಾಗಬಾರದು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಎಲ್ಲರೂ ಅವಳ ಕೈಯಲ್ಲಿನ ಮುಚ್ಚಳ ನೋಡುತ್ತಿದ್ದರು.

ಮುಚ್ಚಳ ಬಿದ್ದರೆ ಗುಂಡಿ ಹುಡುಗಿಗೆ ತಡೆಯಲು ಆಗುತ್ತಿರಲಿಲ್ಲ. ಎಲ್ಲರಿಗಿಂತ ಚಿಕ್ಕವಳು. ನಲ್ಲಿಯ ಹತ್ತಿರದವರೆಗೂ ಅಕ್ಕನ ಸೆರಗು ಹಿಡಿದು ಹೋಗುವಳು. ಆ ಸಲದ ಕತೆಯಲ್ಲಿ ಚಿಕ್ಕಂದಿನಲ್ಲಿ ಬೇರೆಯಾದ ಅಕ್ಕ ತಂಗಿ ಒಂದೇ ಸೇತುವೆಯ ಎರಡು ತುದಿಯಿಂದ ನಡೆದು ಬರುತ್ತಿದ್ದರು. ನಡುವೆ ಮಂಜು. ಮುಚ್ಚಳ ಬಿತ್ತು.

“ಸಿಗ್ತಾರಾ ಇಲ್ವಾ, ಅಷ್ಟು ಹೇಳಕ್ಕಾ.”

“ಭಾನುವಾರ ಹೋಗಿ ನೋಡು.”

“ಅಳು ಬರುತ್ತಾ?”

“ಅಳಿಸಿದ್ದೆಲ್ಲ ಒಳ್ಳೇ ಸಿನಿಮಾ ಅಲ್ಲ ಕಣೇ. ಈರುಳ್ಳೀನೂ ಅಳಿಸುತ್ತೆ.”

ಭಾನುವಾರ ಬರುವ ಮೊದಲೇ ಕಾರ್ಖಾನೆಗೆ ಬೆಂಕಿ ಬಿತ್ತು. ಹಾಲ್‌ನ ನಡುವೆ ಪೇರಿಸಿದ್ದ ಬಟ್ಟೆಯ ಗಂಟುಗಳು ಹತ್ತಿಕೊಂಡವು. ಮುಂದಿದ್ದವರು ಮೆಟ್ಟಿಲಿಗೆ ಓಡಿದರು. ಗುಂಡಿಯ ಮೇಜು ಹಿಂದೆ, ಹಿಂಬಾಗಿಲ ಪಕ್ಕದಲ್ಲೇ. ಆ ಬಾಗಿಲಿಗೆ ಹೊರಗಿನಿಂದ ಬೀಗ. ಅಂಗಿ ಕಳುವಾಗುತ್ತದೆಂದು ಮ್ಯಾನೇಜರ್ ದಿನಾ ಬೆಳಿಗ್ಗೆ ತಮ್ಮನ ಕಡೆ ತಿರುಗಿ “ಬಾಗಿಲು ಹಾಕು” ಎನ್ನುವನು, ತಮ್ಮ ಹೋಗಿ ಹಾಕಿ ಬರುವನು. ಅಂದೂ ಹಾಕಿದ್ದ. ಬೆಂಕಿ ಬಿದ್ದಾಗ ಅವನಿದ್ದದ್ದು ಗೋದಾಮಿನಲ್ಲಿ, ಬೀಗದ ಕೈ ಅವನ ಸೊಂಟದಲ್ಲಿ. ಓಡಿ ಬಂದು ಬೀಗ ತೆಗೆದ. ಗುಂಡಿಯ ಮೇಜಿನವರೆಲ್ಲ ಬಾಗಿಲಿಗೆ ಆನಿಕೊಂಡೇ ಸತ್ತಿದ್ದರು. ಬಾಗಿಲು ತೆರೆದಾಗ ಅವನ ಕಾಲ ಮೇಲೆ ಬಿದ್ದರು.

ಹುಡುಗಿಯನ್ನು ಮಣ್ಣಿಗಿಡುವ ಮೊದಲು ಅಕ್ಕ ಬಗ್ಗಿ ಮುಚ್ಚಿದ ಪೆಟ್ಟಿಗೆಗೆ ಏನೋ ಹೇಳಿದಳು. ಏನು ಹೇಳಿದೆ ಎಂದು ದಾರಿಯಲ್ಲಿ ಕಾಜಾದವಳು ಕೇಳಿದಳು.

“ಸಿಗ್ತಾರೆ ಅಂತ ಹೇಳ್ದೆ.”

ಆಮೇಲೆ ಎಷ್ಟೋ ಸೋಮವಾರ ಅಕ್ಕ ತಲೆತಗ್ಗಿಸಿ ಉಂಡು ಎದ್ದಳು.

*

ಶವದ ವ್ಯಾನಿಗಿಂತ ಮೊದಲು ಮ್ಯಾನೇಜರ್‌ನ ಕಾರು ಬಂತು. ಹಿಂದಿನ ಸೀಟಿನಿಂದ ಆಫೀಸಿನವನೊಬ್ಬ ದೊಡ್ಡ ಹೂಚಕ್ರ ಇಳಿಸಿದ. ಅಡ್ಡಕ್ಕೆ ಹೊಳೆಯುವ ಪಟ್ಟಿ, ಅದರ ಮೇಲೆ ಕಾರ್ಖಾನೆಯ ಹೆಸರು ದಪ್ಪಕ್ಷರದಲ್ಲಿ. ಅಕ್ಕನ ಹೆಸರು ಇರಲಿಲ್ಲ. ಗೋಡೆಗೆ ಒರಗಿದ್ದ ತಮ್ಮ ಅಭ್ಯಾಸಬಲದಿಂದ ಎದ್ದು ನಿಂತ.

ಕೆಲಸ ಹೋದ ಮೇಲೆ ಅಕ್ಕ ಕೆಮ್ಮುತ್ತ ಈ ಕೋಣೆಯಲ್ಲಿ ಅಂಗಿ ಹೊಲಿಯುತ್ತ ಕೂತಿದ್ದಾಗ ಆ ಕಾರು ಈ ಬೀದಿ ಕಂಡಿರಲಿಲ್ಲ. ಈಗ ಯಾಕೆ ಬಂತೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

*

ಆ ಬೆಂಕಿಯ ಬಗ್ಗೆ ಮಾಲೀಕರ ಮಗ ದುಡ್ಡು ಹಾಕಿ ಸಿನಿಮಾ ತೆಗೆಸಿದ್ದ. ಕೆಲಸದವರಿಗೆಲ್ಲ ಪುಕ್ಕಟೆ ಟಿಕೆಟ್ಟು, ತಪ್ಪದೆ ಬರಬೇಕೆಂಬ ಅಪ್ಪಣೆ. ಗುಂಡಿ ಹುಡುಗಿಯ ತಾಯಿಗೆ ಒಳ್ಳೆಯ ಜಾಗದಲ್ಲಿ ಸೀಟು ಕೊಟ್ಟು ಕೂರಿಸಿದರು.

ಪರದೆಯ ಮೇಲೆ ಕಾರ್ಖಾನೆ ಅರಮನೆಯ ಹಾಗಿತ್ತು. ಹೊಗೆ ಕೂಡ ಸುಂದರವಾಗಿತ್ತು. ಗುಂಡಿ ಹಚ್ಚುವ ಹುಡುಗಿಯೊಬ್ಬಳು, ತುಟಿಗೆ ಬಣ್ಣ ಬಳಿದುಕೊಂಡವಳು, ಪ್ರಿಯಕರನ ಜೊತೆ ಫೋನಿನಲ್ಲಿ ಮಾತಾಡಲು ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಬೆಂಕಿ ಬಿತ್ತು. ಗಾಬರಿಯಲ್ಲಿ ಚಿಲಕ ತೆಗೆಯಲು ಅವಳಿಗಾಗಲಿಲ್ಲ. ಮಾಲೀಕರ ಮಗನ ಪಾತ್ರದ ಹೀರೊ ಭುಜದಿಂದ ಗುದ್ದಿ ಬಾಗಿಲು ಮುರಿದ, ಒಬ್ಬೊಬ್ಬರನ್ನೇ ಹೊತ್ತು ತಂದ. ಹುಡುಗಿ ಅವನ ತೊಡೆಯ ಮೇಲೆ ತಲೆಯಿಟ್ಟು “ತಪ್ಪು ನನ್ನದು ಸರ್” ಎಂದು ಸತ್ತಳು. ಹಿನ್ನೆಲೆಯಲ್ಲಿ ಪಿಟೀಲು.

ದೀಪ ಹತ್ತಿದ ಮೇಲೂ ಹುಡುಗಿಯ ತಾಯಿ ಏಳಲಿಲ್ಲ. ಅಕ್ಕ ಕೈಹಿಡಿದು ಎಬ್ಬಿಸಿದಳು. ಬೆಂಕಿಯ ವಿಚಾರಣೆ ನಡೆಸುತ್ತಿದ್ದ ಸಾಹೇಬರೂ ಬಂದಿದ್ದರು. ಮನಸ್ಸಿಗೆ ತಟ್ಟಿತು ಎಂದು ಮಾಲೀಕರ ಕೈಕುಲುಕಿ ಹೋದರು.

ಸೋಮವಾರ ಅಕ್ಕ ಎಷ್ಟೋ ಕಾಲದ ಮೇಲೆ ಡಬ್ಬಿ ಬಿಚ್ಚಿ ಬಾಯಿಬಿಟ್ಟಳು. ಎಲ್ಲರೂ ನೋಡಿದ್ದ ಸಿನಿಮಾ. ಆದರೂ ಯಾರೂ ತುತ್ತು ಎತ್ತಲಿಲ್ಲ. ಹಾಡು, ಹೀರೊ, ಅರಮನೆ ಎಲ್ಲ ಆಯಿತು. ಬೆಂಕಿ ಬಿತ್ತು. ಅಕ್ಕ ಮುಚ್ಚಳ ಕೈಗೆತ್ತಿಕೊಂಡಳು. ನೆಲದ ಮೇಲೆ ಬೋರಲಾಗಿ ಇಟ್ಟಳು. ಕೊನೆಯವರೆಗೂ ಹೇಳಿದಳು.

“ಇದು ಅವರ ಕೊನೆ,” ಎಂದಳು. “ನಡೆದದ್ದು ಬೇರೆ. ಒಳಗೆ ಯಾವ ಚಿಲಕಾನೂ ಇರಲಿಲ್ಲ. ಬೀಗ ಹೊರಗಿತ್ತು.”

ತಮ್ಮ ಓಡಿ ಬಂದ. “ಅಕ್ಕಾ, ಸಾಕು ಮಾಡು.”

“ಬೀಗದ ಕೈ ಎಲ್ಲಿತ್ತೋ?”

ಅಂದೇ ಕಡೆ, ಮತ್ತೆ ಅವರಿಬ್ಬರೂ ಮಾತಾಡಲಿಲ್ಲ.

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಅದು ಬೀದಿ ಬೀದಿ ಸುತ್ತಿತು. ನೋಡಿದವರು ಸಿನಿಮಾಕ್ಕೆ ಹೋಗಲಿಲ್ಲ, ಟಾಕೀಸು ಭಣಗುಟ್ಟಿತು. ಶಿಸ್ತು ಮುರಿದಳೆಂದು ಅಕ್ಕನನ್ನು ಗೇಟಿನಿಂದ ಹೊರಗೆ ಕಳಿಸಿದರು. ಇಡೀ ಹಾಲ್ ಮಷೀನಿನ ಮೇಲೆ ಬಗ್ಗಿ ಕೂತಿತ್ತು. ಕಾಜಾದವಳೂ ಬಗ್ಗಿ ಕೂತಿದ್ದಳು.

*

ಮ್ಯಾನೇಜರ್ ಹೆಣದ ಮುಂದೆ ಒಂದು ಗಳಿಗೆ ಕೈಕಟ್ಟಿ ನಿಂತ. ಆಮೇಲೆ ಕಾಜಾದವಳನ್ನೂ ತಮ್ಮನನ್ನೂ ಅಡುಗೆಮನೆಗೆ ಕರೆದ. ಹೀಗೆ ತಮ್ಮ ಅಕ್ಕನ ಮನೆಯ ಒಳಗೆ ಬಂದ. ಹೆಣದ ಪಕ್ಕದಲ್ಲೇ ಹಾದು ಬಂದರೂ ಅತ್ತ ನೋಡಲಿಲ್ಲ.

ಬರುವ ವಾರ ಬೆಂಕಿಯ ನೆನಪಿಗೆಂದು ಸಿನಿಮಾ ಮತ್ತೆ ತೆರೆಕಾಣಲಿದೆ, ಆ ಹಳೆಯ ವಿಡಿಯೋ ಮಾತ್ರ ಇನ್ನೂ ಸಾಯುತ್ತಿಲ್ಲ ಎಂದು ಮ್ಯಾನೇಜರ್ ಮೆಲ್ಲಗೆ ವಿವರಿಸಿದ.

“ಅವಳ ಗೆಳತಿ ನೀನು. ಜನ ನಿನ್ನ ಮಾತು ನಂಬ್ತಾರೆ. ಅಕ್ಕ ಕಡೆಗಾಲದಲ್ಲಿ ಮನಸ್ಸು ಬದಲಾಯಿಸಿದ್ಲು, ಸಿನಿಮಾ ಎಲ್ಲರೂ ನೋಡ್ಬೇಕು ಅಂದ್ಲು, ಅಷ್ಟು ಹೇಳು. ನಮ್ಮ ಹುಡುಗ ಫೋನಲ್ಲಿ ಹಿಡ್ಕೋತಾನೆ. ಸತ್ತವರ ಬಗ್ಗೆ ನಾಲ್ಕು ಒಳ್ಳೇ ಮಾತು ಆಡ್ಬೇಕಲ್ವಾ?”

“ಗುಂಡಿ ಹುಡುಗಿ ಬಗ್ಗೆ ಆಡಿದ್ರಲ್ಲ ಸರ್, ಹಾಗಾ?”

ಮ್ಯಾನೇಜರ್ ಕೇಳಿಸದವನ ಹಾಗೆ ತಮ್ಮನ ಕಡೆ ತಿರುಗಿದ. “ನಿನ್ನ ಹೆಂಡತೀನೂ ನಮ್ಮ ಪ್ಯಾಕಿಂಗ್‌ನಲ್ಲೇ ಇದ್ದಾಳಲ್ವಾ? ಇವಳಿಗೆ ಸ್ವಲ್ಪ ತಿಳಿಸಿ ಹೇಳಪ್ಪ.”

ತಮ್ಮನ ಕೈ ಬೀಗದ ಕೈಗಳ ಗೊಂಚಲಿನ ಮೇಲಿತ್ತು, ಸದ್ದಾಗದ ಹಾಗೆ ಅದುಮಿಕೊಂಡಿತ್ತು.

“ಸಿನಿಮಾ ಬಗ್ಗೆ ಹೇಳ್ಬೇಕು, ಅಷ್ಟೇ ತಾನೆ?” ಎಂದಳು ಕಾಜಾದವಳು. “ಹೇಳ್ತೀನಿ.”

ಅವಳು ಹೆಣದ ತಲೆಯ ಹತ್ತಿರ ಹೋಗಿ ನಿಂತಳು. ಆಫೀಸಿನವನು ಫೋನು ಎತ್ತಿದ. ಬೀದಿಯಲ್ಲಿದ್ದವರು ಹೊಸ್ತಿಲಿಗೆ ಒತ್ತಿಕೊಂಡು ಬಂದರು. ಹಿಂದೆ ಎಲ್ಲೋ ಗುಂಡಿ ಹುಡುಗಿಯ ತಾಯಿ ನಿಂತಿದ್ದಳು. ಅವಳಿಗೆ ಯಾರೋ ಜಾಗ ಬಿಟ್ಟರು.

ಕಾಜಾದವಳು ಮೊದಲಿಂದ ಶುರುಮಾಡಿದಳು. ಅರಮನೆಯಂಥ ಹಾಲ್ ಹೇಳಿದಳು, ಅಲ್ಲಿ ಯಾರಿಗೂ ಬಟ್ಟೆಯ ದೂಳಿನ ಕೆಮ್ಮಿಲ್ಲವೆಂದಳು. ಹೀರೊ ಕಾರಿನಿಂದ ಇಳಿದದ್ದು, ಕೆಲಸದವರು ಹೊಲಿಗೆ ಬಿಟ್ಟು ಕುಣಿದದ್ದು, ಅವನ ಕಾಲರ್ ನಿಂತೇ ಇದ್ದದ್ದು ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅಕ್ಕನ ಸೋಮವಾರದ ಏರಿಳಿತವೇ ಅವಳಿಗೆ ಬಂದುಬಿಟ್ಟಿತು. ಮ್ಯಾನೇಜರ್ ತಲೆಯಾಡಿಸಿದ, ಆಫೀಸಿನವನಿಗೆ ಹತ್ತಿರ ಹೋಗಿ ಹಿಡಿ ಎಂದು ಸನ್ನೆ ಮಾಡಿದ. ಇಷ್ಟು ವರ್ಷ ಆ ಹಾಲ್ ಆಳಿದವನಿಗೆ ಅಲ್ಲಿಯ ಊಟದ ಬಿಡುವಿನ ಕಟ್ಟಳೆ ಗೊತ್ತಿರಲಿಲ್ಲ.

ಹೊಸ್ತಿಲಲ್ಲಿದ್ದ ಹೆಂಗಸರಿಗೆ ಗೊತ್ತಿತ್ತು. ಅವರೆಲ್ಲ ಅವಳ ಕೈ ನೋಡುತ್ತಿದ್ದರು.

ಬೆಂಕಿ ಬಿತ್ತು ಎಂದಳು ಕಾಜಾದವಳು. ನಿಲ್ಲಿಸುವುದಾದರೆ ಅಲ್ಲೇ ನಿಲ್ಲಿಸಬೇಕಿತ್ತು. ಅವಳು ಅಕ್ಕನ ಮುಖವನ್ನೊಮ್ಮೆ ನೋಡಿದಳು, ಮುಂದೆ ಹೋದಳು. ಹೊಗೆ ಹೇಳಿದಳು, ಪಿಟೀಲು ಹೇಳಿದಳು. ಸತ್ತ ಹುಡುಗಿಯ ಬಾಯಲ್ಲಿ ಹೇಳಿಸಿದ “ತಪ್ಪು ನನ್ನದು ಸರ್” ಎಂಬುದನ್ನೂ ಬಿಡದೆ ಹೇಳಿದಳು. ತೋಳು ಹೊಲಿಯುವವಳು ಸೆರಗು ಬಾಯಿಗೆ ತುರುಕಿಕೊಂಡಳು.

“ಇದು ಅವರ ಕೊನೆ,” ಎಂದಳು ಕಾಜಾದವಳು.

ಆಗ ಮ್ಯಾನೇಜರ್‌ಗೆ ಅರ್ಥವಾಯಿತು. ಫೋನು ಇಳಿಸು ಎಂದ, ಸಾಕಮ್ಮ ಎಂದ. ಅವಳು ನಿಲ್ಲಿಸಲಿಲ್ಲ. ಬೀದಿಯಲ್ಲಿ ಆಗಲೇ ಎಷ್ಟೋ ಫೋನುಗಳು ತಲೆಯ ಮೇಲೆದ್ದಿದ್ದವು. ಮ್ಯಾನೇಜರ್ ತಮ್ಮನ ಕಡೆ ತಿರುಗಿದ. ಅವನ ದನಿ ಏರಲಿಲ್ಲ. ದಿನಾ ಬೆಳಿಗ್ಗೆ ಹೇಳುವ ಹಾಗೆಯೇ ಹೇಳಿದ.

“ಬಾಗಿಲು ಹಾಕು.”

ತಮ್ಮ ಹೊರಟ. ಹೆಂಗಸರು ಹೊಸ್ತಿಲಿನಿಂದ ಹಿಂದೆ ಸರಿದರು. ದಿನಾ ಹಿಂಬಾಗಿಲಿಗೆ ನಡೆಯುತ್ತಿದ್ದ ಆ ಕಾಲುಗಳನ್ನು ಅವರು ಬಲ್ಲರು. ಬಾಗಿಲ ಹತ್ತಿರ ಅವನು ನಿಂತ. ಕದಕ್ಕೆ ಕೈ ಹಾಕಿದ. ಅಲ್ಲಿಂದ ತಿರುಗಿದಾಗ ಅಕ್ಕನ ಮುಖ ಎದುರಿಗೇ ಇತ್ತು.

“ಹಾಕೋ,” ಎಂದ ಮ್ಯಾನೇಜರ್.

“ಇಲ್ಲ ಸರ್.”

ಅವನು ಕದವನ್ನು ಗೋಡೆಯವರೆಗೂ ತಳ್ಳಿದ. ಅದು ಹಳೆಯ ಕದ, ತಾನಾಗಿ ಮುಚ್ಚಿಕೊಳ್ಳುವಂಥದ್ದು. ಮೆಲ್ಲಗೆ ವಾಪಸು ಬರತೊಡಗಿತು. ತಮ್ಮ ಗೋಡೆಗೆ ಒರಗಿಸಿದ್ದ ಹೂಚಕ್ರವನ್ನು ಎತ್ತಿಕೊಂಡು, ಪಟ್ಟಿಯ ಸಮೇತ ಮಡಚಿ, ಕದದ ಕೆಳಗೆ ಕಾಲಿನಿಂದ ತುರುಕಿದ. ಹೂವು ನುರಿದು ಹೊಸ್ತಿಲ ತುಂಬ ಚೆಲ್ಲಿತು. ಕದ ಅಲ್ಲೇ ನಿಂತಿತು. ಒಳಗಿನ ದನಿ ತೆರೆದ ಬಾಗಿಲಿನಿಂದ ಬೀದಿಗೆ ಇಳಿಯುತ್ತಿತ್ತು: ಒಳಗೆ ಯಾವ ಚಿಲಕಾನೂ ಇರಲಿಲ್ಲ, ಬೀಗ ಹೊರಗಿತ್ತು.